ಪರದೇಶದಲ್ಲಿ ಮಗುವಿಗೊಂದು ಶಾಲೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಎರಡರಲ್ಲಿ ಯಾವುದನ್ನು ಮಾಡಿದರೂ ಮನುಷ್ಯನಿಗೆ ತಿಳಿವಳಿಕೆ ಬರುತ್ತದೆಂಬುದು ಅದರ ಅಭಿಪ್ರಾಯ. ಆದರೆ ಹೊಟ್ಟೆಪಾಡಿಗಾಗಿ ದೇಶ ಬಿಟ್ಟು ಹೊರಟ ತಂದೆತಾಯಿಗಳ ಸಂಗಡ ಹೋಗುವ ಮಗು ಕೋಶವನ್ನು ಎಲ್ಲಿ ಓದಬೇಕು, ಯಾವ ಭಾಷೆಯಲ್ಲಿ ಓದಬೇಕು, ಯಾರ ಪರೀಕ್ಷೆಗೆ ಕೂರಬೇಕು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಕಳೆದ ವರ್ಷ ಈ ಪ್ರಶ್ನೆ ನಮ್ಮ ಮನೆಯಲ್ಲಿಯೇ ಎದ್ದಿತು. ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತು. ಆಗ ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಸಹಪಾಠಿ ಮಿತ್ರರ ಮುಂದೆಯೂ ಪೂಜ್ಯ ಅಧ್ಯಾಪಕವರ್ಗದ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ. ನಮ್ಮ ಜಿಲ್ಲೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋದವರು ಬಹಳ ಮಂದಿ. ನಾಳೆ ನಮ್ಮಲ್ಲಿಯೂ ಕೆಲವರು ಹೋಗಬಹುದು.

ನಮ್ಮ ತಂದೆ ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬಂದು ಕಾಫಿ ತೋಟದ ಕೆಲಸಕ್ಕೆ ಸೇರಿದವರು. ತಾಯಿಯೂ ಅದೇ ತೋಟದಲ್ಲಿ ದುಡಿದವರು. ಇಬ್ಬರಿಗೂ ಓದುಬರಹವಿಲ್ಲ. ಲೈನ್ ಮನೆಯಲ್ಲಿ ಹುಟ್ಟಿ, ಮನೆಯೊಳಗೆ ತುಳು ಆಡಿ, ತೋಟದ ಪಕ್ಕದ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿತು, ಬಿ.ಎ. ಅಂತಿಮ ವರ್ಷದವರೆಗೆ ಬಂದವನು ನಮ್ಮ ಕುಟುಂಬದಲ್ಲಿ ನಾನೊಬ್ಬನೇ. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಮದುವೆಯಾದಳು. ಭಾವ ದುಬೈಯಲ್ಲಿ ಒಂದು ಗೋದಾಮಿನ ಲೆಕ್ಕ ಬರೆಯುವ ಕೆಲಸದಲ್ಲಿದ್ದಾರೆ. ಹಲವು ವರ್ಷ ಒಬ್ಬರೇ ಇದ್ದು, ಕಳೆದ ವರ್ಷ ಅಕ್ಕನನ್ನೂ ಮಗಳನ್ನೂ ಕರೆಸಿಕೊಳ್ಳುವ ಅನುಕೂಲ ಒದಗಿತು. ಮಗು ಆಗ ನಾನು ಓದಿದ ಅದೇ ಶಾಲೆಯಲ್ಲಿ, ಅದೇ ಕೋಣೆಯಲ್ಲಿ, ಒಂದನೆಯ ತರಗತಿ ಮುಗಿಸುತ್ತಿದ್ದಳು.

“ನೀನು ಓದಿದವನು. ಯಾವ ಶಾಲೆ ಒಳ್ಳೆಯದೆಂದು ವಿಚಾರಿಸಿ ಹೇಳು ತಮ್ಮಾ. ನೀನು ಹೇಳಿದ ಕಡೆ ಹಾಕುತ್ತೇವೆ” ಎಂದಳು ಅಕ್ಕ. ಭಾವನಿಗೆ ಅವರ ಸಂಗಡಿಗರು ಆಗಲೇ ಒಂದು ಇಂಟರ್‌ನ್ಯಾಷನಲ್ ಶಾಲೆಯ ಹೆಸರು ಹೇಳಿದ್ದರು. ಆ ಶಾಲೆಯ ಒಂದು ವರ್ಷದ ಫೀಸನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ನನ್ನ ಮೂರು ವರ್ಷದ ಬಿ.ಎ.ಗೆ ತಗಲಿದ ಒಟ್ಟು ಖರ್ಚು ಅದರ ಒಂದು ಮೂಲೆಗೂ ಸಾಲದು. “ಒಬ್ಬಳೇ ಮಗಳು, ಸಾಲ ಮಾಡಿಯಾದರೂ ಓದಿಸೋಣ” ಎಂದು ಭಾವ ಸಿದ್ಧರಾಗಿದ್ದರು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನನ್ನ ಕಾಲೇಜಿನ ಫೀಸನ್ನೂ ಮಡಿಕೇರಿಯ ಬಾಡಿಗೆ ಕೋಣೆಯ ಖರ್ಚನ್ನೂ ಕಳುಹಿಸುತ್ತಿರುವವರು ಭಾವನೇ. ಮಗುವಿನ ಶಾಲೆ ದುಬಾರಿಯಾದರೆ ನನ್ನ ಎಂ.ಎ. ಆಸೆ ಅಲ್ಲಿಗೆ ಮುಗಿಯಿತೆಂದೇ ಅರ್ಥ. ಆದುದರಿಂದ ನಾನು ಯಾವ ಸಲಹೆ ಕೊಟ್ಟರೂ ಅದರಲ್ಲಿ ನನ್ನ ಸ್ವಾರ್ಥದ ನೆರಳಿದೆಯೇ ಎಂಬ ಅನುಮಾನ ನನ್ನನ್ನೇ ಕಾಡುತ್ತಿತ್ತು. ಕೊನೆಗೆ ಹಣದ ಮಾತನ್ನು ಪೂರ್ತಿ ಬದಿಗಿಟ್ಟು, ಮಗುವಿನ ಹಿತವೊಂದನ್ನೇ ಮುಂದಿಟ್ಟುಕೊಂಡು ಎರಡು ಹಾಳೆ ಬರೆದೆ. ನಮ್ಮ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಓದಿ, “ಎಲ್ಲ ಸರಿ, ಮಗು ಅಲ್ಲಿ ಎಷ್ಟು ವರ್ಷ ಇರುತ್ತದೆ?” ಎಂದು ಒಂದೇ ಪ್ರಶ್ನೆ ಕೇಳಿದರು. ಆ ಪ್ರಶ್ನೆ ನನ್ನ ಹಾಳೆಯಲ್ಲಿಯೇ ಇರಲಿಲ್ಲ. ಮುಂದೆ ನಾನು ವಿಚಾರ ಮಾಡಿದ್ದೆಲ್ಲ ಅದರಿಂದಲೇ ಬೆಳೆಯಿತು.

ಮಕ್ಕಳನ್ನು ದೂರದ ಶಾಲೆಗೆ ಹಾಕಬೇಕೋ ಹತ್ತಿರದ್ದಕ್ಕೋ ಎಂಬ ಚರ್ಚೆ ಕೊಡಗಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಕಾಫಿ ತೋಟ ಮಾಡಿದ ಇಂಗ್ಲಿಷರು ಅನುಕೂಲವಿದ್ದರೆ ಮಕ್ಕಳನ್ನು ಹಡಗು ಹತ್ತಿಸಿ ಇಂಗ್ಲೆಂಡಿನ ಶಾಲೆಗಳಿಗೆ ಕಳುಹಿಸುತ್ತಿದ್ದರು. ಅವರಿಗೆ ಹಿಂದಿರುಗಬೇಕಾದ ನಾಡು ಅದು. ನಮ್ಮ ಇಬ್ಬರು ಸೇನಾನಿಗಳ ಬಾಲ್ಯವನ್ನು ನೋಡಿದರೆ ಈ ಚರ್ಚೆಯ ಎರಡು ಪಕ್ಷಗಳೂ ಕಾಣುತ್ತವೆ. ೧೮೯೯ರಲ್ಲಿ ಶನಿವಾರಸಂತೆಯಲ್ಲಿ ಜನಿಸಿದ ಕಾರ್ಯಪ್ಪನವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದರು. ಹೈಸ್ಕೂಲು ಮುಗಿದ ಮೇಲೆಯೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ೧೯೦೬ರಲ್ಲಿ ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರನ್ನು ಎಂಟನೆಯ ವಯಸ್ಸಿಗೇ ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆಗೆ ಕಳುಹಿಸಲಾಯಿತು. ಆ ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹರಾಡೂನಿನ ಸೈನಿಕ ಕಾಲೇಜು. ೧೯೪೯ರಲ್ಲಿ ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ೧೯೫೭ರಲ್ಲಿ ತಿಮ್ಮಯ್ಯನವರು ಅದೇ ಸೇನೆಯ ಮುಖ್ಯಸ್ಥರಾದರು. ೨೦೨೧ರಿಂದ ವಸ್ತುಸಂಗ್ರಹಾಲಯವಾಗಿರುವ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಎದುರು ನಡೆಯುವಾಗಲೆಲ್ಲ ನನಗೆ ಅನ್ನಿಸುತ್ತದೆ: ಶಾಲೆ ದೂರದ್ದೋ ಹತ್ತಿರದ್ದೋ ಎಂಬುದಕ್ಕಿಂತ, ಆ ಶಾಲೆಯಿಂದ ಮುಂದಿನ ಮೆಟ್ಟಿಲಿಗೆ ದಾರಿ ಇದೆಯೇ ಎಂಬುದೇ ಮುಖ್ಯ. ಆ ಇಬ್ಬರಿಗೂ ಅಂಥ ದಾರಿ ಇತ್ತು.

ಇನ್ನು ‘ಇಂಟರ್‌ನ್ಯಾಷನಲ್ ಶಾಲೆ’ ಎಂದರೇನೆಂಬುದನ್ನು ವಿಚಾರಿಸೋಣ. ಮೊದಲನೆಯ ಮಹಾಯುದ್ಧದ ಬಳಿಕ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ನೆಲೆಗೊಂಡವು. ನಾನಾ ದೇಶಗಳಿಂದ ಅಲ್ಲಿಗೆ ಬಂದ ಅಧಿಕಾರಿಗಳ ಮಕ್ಕಳಿಗಾಗಿ ೧೯೨೪ರಲ್ಲಿ ಒಂದು ಶಾಲೆ ಆರಂಭವಾಯಿತು. ಇಂಥ ಶಾಲೆಗಳ ಪೈಕಿ ಬಹಳ ಹಳೆಯದೆಂದು ಹೆಸರಾದದ್ದು ಅದೇ. ಅಲ್ಲಿ ಒಂದು ತೊಡಕು ಇತ್ತು. ಒಂದೇ ಬೆಂಚಿನಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬನು ಫ್ರಾನ್ಸಿನ ಪರೀಕ್ಷೆಗೂ ಇನ್ನೊಬ್ಬನು ಇಂಗ್ಲೆಂಡಿನ ಪರೀಕ್ಷೆಗೂ ಮತ್ತೊಬ್ಬನು ಬೇರೊಂದು ದೇಶದ ಪರೀಕ್ಷೆಗೂ ಸಿದ್ಧನಾಗಬೇಕಿತ್ತು. ಎಲ್ಲ ದೇಶದ ವಿಶ್ವವಿದ್ಯಾನಿಲಯಗಳೂ ಒಪ್ಪುವಂಥ ಒಂದೇ ಪರೀಕ್ಷೆ ಇದ್ದರೆ ಹೇಗೆ ಎಂಬ ಯೋಚನೆಯಿಂದ ೧೯೬೮ರಲ್ಲಿ ಜಿನೀವಾದಲ್ಲಿಯೇ ‘ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್’ ಎಂಬ ಸಂಸ್ಥೆ ಹುಟ್ಟಿತು. ಜನ ಅದನ್ನು ಚಿಕ್ಕದಾಗಿ ಐ.ಬಿ. ಎನ್ನುತ್ತಾರೆ.

ಹೀಗೆ ಆ ಹೆಸರಿಗೆ ಒಂದು ಅರ್ಥವಿತ್ತು: ತಂದೆಯ ಕೆಲಸ ಊರೂರಿಗೆ ಒಯ್ದರೂ ಮಗುವಿನ ಓದು ಕಡಿದುಹೋಗಬಾರದು ಎಂಬುದೇ ಅದು. ಇಂದು ಆ ಹೆಸರು ಎಲ್ಲ ಕಡೆಯೂ ಕಾಣುತ್ತದೆ. ನಮ್ಮ ರಾಜ್ಯದ ಚಿಕ್ಕ ಪಟ್ಟಣಗಳಲ್ಲಿಯೂ ‘ಇಂಟರ್‌ನ್ಯಾಷನಲ್’ ಎಂಬ ಫಲಕವುಳ್ಳ ಶಾಲೆಗಳಿವೆ. ಒಳಗೆ ಹೋಗಿ ನೋಡಿದರೆ ಪಾಠ ನಡೆಯುವುದು ನಮ್ಮ ರಾಜ್ಯದ ಪಠ್ಯಕ್ರಮದಲ್ಲಿಯೇ ಇರಬಹುದು. ಆದಕಾರಣ ಫಲಕವನ್ನು ಓದದೆ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಕೊನೆಯಲ್ಲಿ ಪರೀಕ್ಷೆ ನಡೆಸುವ ಮಂಡಳಿ ಯಾವುದೆಂದು ಕೇಳಬೇಕು. ಶಾಲೆಯ ನಿಜವಾದ ಹೆಸರು ಅದೇ.

ದುಬೈಯಂಥ ಊರಿನಲ್ಲಿ ಭಾರತೀಯ ಕುಟುಂಬದ ಎದುರಿಗೆ ಮುಖ್ಯವಾಗಿ ಮೂರು ಬಗೆಯ ಶಾಲೆಗಳಿವೆ. (ಅಮೆರಿಕದ ಪದ್ಧತಿಯವು ಮುಂತಾಗಿ ಬೇರೆಯೂ ಉಂಟು.) ಮೊದಲನೆಯವು ಭಾರತೀಯ ಶಾಲೆಗಳು. ಇವು ಇಂದು ನಿನ್ನೆಯವಲ್ಲ. ಬಹ್ರೇನಿನ ಇಂಡಿಯನ್ ಸ್ಕೂಲ್ ೧೯೫೦ರಲ್ಲಿಯೂ ದುಬೈಯ ಇಂಡಿಯನ್ ಹೈಸ್ಕೂಲ್ ೧೯೬೧ರಲ್ಲಿಯೂ ಸ್ಥಾಪನೆಯಾದವು. ಇವುಗಳಲ್ಲಿ ಹೆಚ್ಚಿನವು ನಮ್ಮ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಗೆ, ಎಂದರೆ ಸಿ.ಬಿ.ಎಸ್.ಇ.ಗೆ, ಸೇರಿದವು. ತರಗತಿಗಳು ಏಪ್ರಿಲಿನಲ್ಲಿ ಆರಂಭವಾಗುತ್ತವೆ. ಎರಡನೆಯವು ಇಂಗ್ಲೆಂಡಿನ ಪದ್ಧತಿಯ ಶಾಲೆಗಳು. ೧೯೮೮ರಲ್ಲಿ ಬಳಕೆಗೆ ಬಂದ ಐ.ಜಿ.ಸಿ.ಎಸ್.ಇ. ಎಂಬ ಪರೀಕ್ಷೆ ಸುಮಾರು ಹದಿನಾರನೆಯ ವಯಸ್ಸಿನಲ್ಲಿ. ಅದರ ಮೇಲೆ ಎರಡು ವರ್ಷ ಓದಿ ಎ-ಲೆವೆಲ್. ಮೂರನೆಯವು ಮೇಲೆ ಹೇಳಿದ ಐ.ಬಿ. ಶಾಲೆಗಳು. ಇವೆರಡು ಬಗೆಯ ಶಾಲೆಗಳು ಹೆಚ್ಚಾಗಿ ಆಗಸ್ಟ್ ಕೊನೆಯಲ್ಲಿ ಇಲ್ಲವೆ ಸೆಪ್ಟೆಂಬರಿನಲ್ಲಿ ತೆರೆಯುತ್ತವೆ.

ಕಲಿಸುವ ರೀತಿಯಲ್ಲಿ ವ್ಯತ್ಯಾಸವಿದೆ. ಐ.ಬಿ.ಯ ಕೊನೆಯ ಎರಡು ವರ್ಷಗಳಲ್ಲಿ ವಿದ್ಯಾರ್ಥಿ ಆರು ವಿಷಯಗಳನ್ನು ಓದುತ್ತಾನೆ. ಒಂದು ದೀರ್ಘ ಪ್ರಬಂಧ ಬರೆಯಬೇಕು. ‘ನಮಗೆ ತಿಳಿದದ್ದು ನಮಗೆ ಹೇಗೆ ತಿಳಿಯಿತು’ ಎಂಬುದನ್ನು ಚರ್ಚಿಸುವ ಒಂದು ಪಾಠವಿದೆ. ಸಮಾಜಸೇವೆಯೂ ಓದಿನ ಭಾಗ. ಪೂರ್ಣಾಂಕ ೪೫. ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಬರೆದ ನಮ್ಮಂಥವರಿಗೆ ಅಂಥ ಓದು ದೊರೆತಿದ್ದರೆ ಎನ್ನಿಸಿತು. ಆ ಪದ್ಧತಿ ಕೀಳೆಂದು ಹೇಳಲು ನನಗೆ ಯಾವ ಕಾರಣವೂ ಸಿಗಲಿಲ್ಲ. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ೧೯೮೩ರಿಂದಲೇ ಐ.ಬಿ. ಡಿಪ್ಲೊಮಾವನ್ನು ಮಾನ್ಯಮಾಡಿದೆ. ಆದರೆ ಮೇ ತಿಂಗಳ ಪರೀಕ್ಷೆಯ ಫಲಿತಾಂಶ ಬರುವುದು ಜುಲೈ ಮೊದಲ ವಾರದಲ್ಲಿ. ಅಷ್ಟರೊಳಗೆ ನಮ್ಮಲ್ಲಿ ಕಾಲೇಜು ಸೇರುವ ಗಡಿಬಿಡಿ ಬಹುಪಾಲು ನಡೆದುಹೋಗಿರುತ್ತದೆ. ಬಾಗಿಲು ತೆರೆದಿದ್ದರೂ ಬಸ್ಸು ಹೊರಟುಹೋಗಿರಬಹುದು.

ಈಗ ಅಧ್ಯಾಪಕರ ಪ್ರಶ್ನೆಗೆ ಬರೋಣ. ಮಗು ಅಲ್ಲಿ ಎಷ್ಟು ವರ್ಷ ಇರುತ್ತದೆ? ಅಮೆರಿಕಕ್ಕೋ ಕೆನಡಕ್ಕೋ ಹೋದ ಕುಟುಂಬ ಅಲ್ಲಿಯೇ ನೆಲೆಯೂರಿ ಆ ದೇಶದ ಪ್ರಜೆಯಾಗಬಹುದು. ಅಂಥವರು ಆ ನಾಡಿನ ಸರ್ಕಾರಿ ಶಾಲೆಗೆ ಮಗುವನ್ನು ಹಾಕುವುದೇ ಸಹಜ. ಕೊಲ್ಲಿ ರಾಷ್ಟ್ರಗಳ ಮಾತು ಬೇರೆ. ಅಲ್ಲಿ ಸಾಮಾನ್ಯ ಕೆಲಸಗಾರನ ವಾಸದ ಪರವಾನಿಗೆ ಅವನ ಕೆಲಸಕ್ಕೆ ಕಟ್ಟಿದ್ದು. ಹೆಂಡತಿ ಮಕ್ಕಳದ್ದು ಅವನ ಪರವಾನಿಗೆಗೆ ಕಟ್ಟಿದ್ದು. ಕೆಲಸ ಹೋದರೆ ಮನೆಯವರೆಲ್ಲರೂ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇದು ಬರಿಯ ಊಹೆಯಲ್ಲ. ೧೯೯೦ರ ಆಗಸ್ಟ್ ೨ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ಅಲ್ಲಿದ್ದ ಭಾರತೀಯರು ಉಟ್ಟ ಬಟ್ಟೆಯಲ್ಲಿ ಹೊರಡಬೇಕಾಯಿತು. ಜೋರ್ಡಾನಿನ ಅಮ್ಮಾನ್ ನಗರದಿಂದ ಸುಮಾರು ೧,೭೦,೦೦೦ ಮಂದಿಯನ್ನು ವಿಮಾನಗಳಲ್ಲಿ ಊರಿಗೆ ತರಲಾಯಿತು. ೨೦೨೦ರಲ್ಲಿ ಕೊರೋನಾ ಕಾಲದಲ್ಲಿ ‘ವಂದೇ ಭಾರತ್’ ವಿಮಾನಗಳು ಹೇಗೆ ತುಂಬಿ ಬಂದುವೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆ ಬಂದ ಮಕ್ಕಳು ವರ್ಷದ ನಡುವೆ ಇಲ್ಲಿಯ ಯಾವುದಾದರೊಂದು ಶಾಲೆಯ ಬಾಗಿಲಲ್ಲಿ ನಿಲ್ಲಲೇಬೇಕು.

ಆದುದರಿಂದ ಕೊಲ್ಲಿಗೆ ಹೋಗುವ ಸಾಮಾನ್ಯ ಕುಟುಂಬ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಯಾವ ಶಾಲೆ ದೊಡ್ಡದು?’ ಎಂಬುದಲ್ಲ, ‘ನಾಳೆ ಬೆಳಗ್ಗೆ ಊರಿಗೆ ಹೊರಡಬೇಕಾದರೆ ಈ ಶಾಲೆಯಿಂದ ಊರಿನ ಶಾಲೆಗೆ ಮಗು ಸುಲಭವಾಗಿ ಬಂದು ಸೇರಬಹುದೇ?’ ಎಂಬುದು. ಸಿ.ಬಿ.ಎಸ್.ಇ. ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ. ಅದರ ಚರಿತ್ರೆಯೇ ಅಂಥದು. ೧೯೨೯ರಲ್ಲಿ ರಾಜಪುತಾನದ ಕಡೆ ಆರಂಭವಾದ ಮಂಡಳಿಗೆ ೧೯೫೨ರಲ್ಲಿ ಈ ಹೆಸರು ಬಂದಿತು. ೧೯೬೨ರಲ್ಲಿ ಅದನ್ನು ಹೊಸದಾಗಿ ರಚಿಸಿದಾಗ, ಪದೇ ಪದೇ ವರ್ಗವಾಗುವ ಕೇಂದ್ರ ಸರ್ಕಾರದ ನೌಕರರ ಮಕ್ಕಳ ಅನುಕೂಲವೂ ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಅದೇ ಉದ್ದೇಶದಿಂದ ೧೯೬೩ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಆರಂಭವಾದುವು. ಸೈನಿಕ ಕುಟುಂಬಗಳು ತುಂಬಿರುವ ನಮ್ಮ ಜಿಲ್ಲೆಗೆ ಇದರ ಬೆಲೆ ಗೊತ್ತು. ಜಬಲ್ಪುರದಿಂದ ಜಮ್ಮುವಿಗೆ ವರ್ಗವಾದ ಹವಾಲ್ದಾರನ ಮಗಳೂ ದುಬೈಯಿಂದ ಹಿಂದಿರುಗಿದ ಗುಮಾಸ್ತನ ಮಗಳೂ ಒಂದೇ ಪಠ್ಯಕ್ರಮದ ಹಾದಿಯಲ್ಲಿ ನಡೆಯುವವರು.

ಈ ವಿಚಾರದಲ್ಲಿ ಇನ್ನೊಂದು ಪಾಠವೂ ಇದೆ. ವಿದೇಶದಲ್ಲಿರುವ ಭಾರತೀಯ ಮಕ್ಕಳಿಗಾಗಿಯೇ ಸಿ.ಬಿ.ಎಸ್.ಇ. ೨೦೧೦ರಲ್ಲಿ ‘ಅಂತರರಾಷ್ಟ್ರೀಯ’ ಎಂಬ ವಿಶೇಷಣವುಳ್ಳ ಬೇರೊಂದು ಪಠ್ಯಕ್ರಮವನ್ನು ಆರಂಭಿಸಿತು. ೨೦೧೭ರಲ್ಲಿ ಅದನ್ನು ನಿಲ್ಲಿಸಲಾಯಿತು. ಅದರಲ್ಲಿ ಓದುತ್ತಿದ್ದ ಮಕ್ಕಳು ಮೊದಲಿನ ಪಠ್ಯಕ್ರಮಕ್ಕೆ ಮರಳಬೇಕಾಯಿತು. ಹೊಸದೆಲ್ಲ ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ಆದರೆ ಮಗುವಿನ ಓದು ಹನ್ನೆರಡು ವರ್ಷದ ದಾರಿ. ಅಷ್ಟು ದೂರ ನಡೆದು ತೋರಿಸಿದ ಬಂಡಿಯನ್ನೇ ಹತ್ತುವುದು ಮೇಲು.

ಊರಿಗೆ ಮರಳುವ ದಾರಿಯಲ್ಲಿ ಒಂದು ಸುಂಕದ ಕಟ್ಟೆಯೂ ಇದೆ. ಅನೇಕರಿಗೆ ಅದು ತಿಳಿಯುವುದು ತಡವಾಗಿ. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಿಗೆ ಇರುವ ಸಾಮಾನ್ಯ ನಿಯಮದ ಪ್ರಕಾರ ಅಭ್ಯರ್ಥಿಯು ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಅವಧಿಯಲ್ಲಿ ಕನಿಷ್ಠ ೭ ವರ್ಷ ಈ ರಾಜ್ಯದಲ್ಲಿ ಓದಿರಬೇಕು. ತಂದೆತಾಯಿಗಳು ಇಲ್ಲಿ ಓದಿದವರಾದರೆ ಅನ್ವಯಿಸುವ ಬೇರೆ ಕಲಮುಗಳೂ ಉಂಟು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ಒಂದರಿಂದ ಹತ್ತರವರೆಗಿನ ಓದು ಲೆಕ್ಕಕ್ಕೆ ಬರುತ್ತದೆ. ಎಂದರೆ, ನಮ್ಮ ಅಕ್ಕನ ಮಗಳು ವಿಮಾನ ಹತ್ತಿದ ದಿನವೇ ಈ ಎರಡು ಮೀಸಲಾತಿಗಳನ್ನು ಕಳೆದುಕೊಂಡಳು. ಹೋಗಬಾರದೆಂದು ಇದರ ಅರ್ಥವಲ್ಲ. ಹೋಗುವವರು ಕಳೆದುಕೊಳ್ಳುವುದನ್ನು ತಿಳಿದು ಹೋಗಬೇಕು. ಯಾವ ತರಗತಿಗೆ ಹಿಂದಿರುಗಿದರೆ ಏನು ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕಬೇಕು.

ಎರಡನೆಯ ಪ್ರಶ್ನೆ ಭಾಷೆಯದು. ಇದಕ್ಕೆ ನಾನು ದೂರ ಹೋಗದೆ ಕುಶಾಲನಗರದ ಸೇತುವೆ ದಾಟಿ ನೋಡಿದೆ. ಕಾವೇರಿಯ ಆಚೆ, ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, ೧೯೬೦ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ದೇಶವನ್ನೇ ಬಿಟ್ಟುಬಂದ ಆ ಜನರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರ ಮಕ್ಕಳಿಗಾಗಿ ೧೯೬೧ರಲ್ಲಿ ಭಾರತ ಸರ್ಕಾರದ ಶಿಕ್ಷಣ ಮಂತ್ರಾಲಯದ ಆಶ್ರಯದಲ್ಲಿ ಒಂದು ಸಂಸ್ಥೆ ರಚನೆಯಾಗಿ, ಟಿಬೆಟನ್ನರ ಕೇಂದ್ರೀಯ ಶಾಲೆಗಳು ನಡೆದವು. ಅವು ಪರೀಕ್ಷೆಗೆ ಆರಿಸಿಕೊಂಡದ್ದು ಸಿ.ಬಿ.ಎಸ್.ಇ.ಯನ್ನು. ಆದರೆ ೧೯೮೦ರ ದಶಕದ ನಡುಭಾಗದಿಂದ ಪ್ರಾಥಮಿಕ ತರಗತಿಗಳ ಪಾಠವನ್ನು ಹಂತಹಂತವಾಗಿ ಟಿಬೆಟನ್ ಭಾಷೆಗೆ ತಿರುಗಿಸಿದರು. ಹೊರಲೋಕದಲ್ಲಿ ಬದುಕಲು ಬೇಕಾದ ಪರೀಕ್ಷೆಯನ್ನು ಹೊರಲೋಕದಿಂದಲೇ ತೆಗೆದುಕೊಂಡರು. ಮನೆಯ ಮಾತನ್ನು ಮಾತ್ರ ಬಿಡಲಿಲ್ಲ.

ದುಬೈಯಲ್ಲಿ ನಮ್ಮ ಮಗುವಿನ ಸ್ಥಿತಿ ನೋಡಿ. ಶಾಲೆಯ ಪಾಠ ಇಂಗ್ಲಿಷಿನಲ್ಲಿ; ಭಾರತೀಯ ಶಾಲೆಯಾದುದರಿಂದ ಹಿಂದಿ; ಆ ನಾಡಿನ ನಿಯಮದಂತೆ ಅರಬರಲ್ಲದ ಮಕ್ಕಳಿಗೂ ಒಂದರಿಂದ ಒಂಬತ್ತರವರೆಗೆ ಅರಬ್ಬಿ. ಮನೆಯಲ್ಲಿ ತುಳು. ಇಷ್ಟರಲ್ಲಿ ಕನ್ನಡಕ್ಕೆ ಜಾಗವೆಲ್ಲಿ? ಒಂದು ವರ್ಷ ಕಷ್ಟಪಟ್ಟು ಕಲಿತ ಅಕ್ಷರಗಳು ಮಳೆಗಾಲದ ಒಲೆಯ ಬೂದಿಯಂತೆ ತಣ್ಣಗಾಗಿಬಿಡುತ್ತವೆ. ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು ೨೦೧೫ರಲ್ಲಿ ಕಾಯಿದೆಯಾಗಿದೆ. ನಾಳೆ ಹಿಂದಿರುಗುವ ಮಗು ಗಣಿತದಲ್ಲಿ ಮುಂದಿದ್ದು ‘ಅ ಆ ಇ ಈ’ಯಲ್ಲಿ ಹಿಂದೆ ಬೀಳಬಹುದು. ಅದಕ್ಕಿಂತಲೂ ಹೆಚ್ಚಾಗಿ, ಊರಿನ ಬಸ್ಸಿನ ಫಲಕವನ್ನು ಓದಲಾರದ ಮಗು ಊರಿಗೆ ಬಂದೂ ಪರದೇಶದಲ್ಲಿದ್ದಂತೆಯೇ. ದುಬೈಯಲ್ಲಿ ‘ಕನ್ನಡ ಮಿತ್ರರು’ ಎಂಬ ಸಂಘದವರು ಹಲವು ವರ್ಷಗಳಿಂದ ರಜಾದಿನಗಳಲ್ಲಿ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತ ಬಂದಿರುವುದು ಈ ಕೊರತೆಯನ್ನು ಅರಿತೇ. ಶಾಲೆ ಕೊಡಲಾರದ್ದನ್ನು ಮನೆಯೂ ನೆರೆಯೂ ಕೊಡಬೇಕು.

ಮೂರನೆಯ ಪ್ರಶ್ನೆ ಹಣದ್ದು. ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ದುಬೈಯಲ್ಲಿ ಶಾಲೆಯ ಫೀಸು ವರ್ಷಕ್ಕೆ ಕೆಲವು ಸಾವಿರ ದಿರ್ಹಮಿನಿಂದ ಲಕ್ಷ ದಿರ್ಹಮಿಗೂ ಮೇಲಿನವರೆಗೂ ಇದೆ. ಆದರೆ ಅಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಖಾಸಗಿ ಶಾಲೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರವು ಪ್ರತಿ ಶಾಲೆಯ ಒಪ್ಪಿತ ಫೀಸಿನ ಪಟ್ಟಿಯನ್ನು ಪ್ರಕಟಿಸುತ್ತದೆ. ೨೦೦೮ರಿಂದ ಪರಿಶೀಲಕರು ನೋಡಿ ಬರೆದ ವರದಿಗಳೂ ಅಲ್ಲಿ ಸಿಗುತ್ತವೆ. ‘ಅತ್ಯುತ್ತಮ’ದಿಂದ ‘ಅತಿ ದುರ್ಬಲ’ದವರೆಗೆ ಆರು ದರ್ಜೆ. ಯಾರು ಬೇಕಾದರೂ ಓದಬಹುದು; ವರದಿ ಯಾವ ವರ್ಷದ್ದೆಂಬುದನ್ನು ಮಾತ್ರ ಮರೆಯದೆ ನೋಡಬೇಕು. ಫೀಸಿನ ಜೊತೆಗೆ ಶಾಲಾ ವಾಹನ, ಸಮವಸ್ತ್ರ, ಪುಸ್ತಕಗಳ ಖರ್ಚನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ತಿಂಗಳ ಸಂಬಳದಲ್ಲಿ ಇದನ್ನು ಸಾಲವಿಲ್ಲದೆ ಕೊಡಲು ಸಾಧ್ಯವೇ ಎಂದು ನೋಡಬೇಕು. ಸಾಲ ಮಾಡಿ ದೊಡ್ಡ ಶಾಲೆಗೆ ಹಾಕಿ, ಎರಡು ವರ್ಷದಲ್ಲಿ ಫೀಸು ಕಟ್ಟಲಾರದೆ ಬಿಡಿಸಿದರೆ ಮಗುವಿಗೆ ಆಗುವ ಪೆಟ್ಟು, ಮೊದಲಿನಿಂದ ಸಾಧಾರಣ ಶಾಲೆಯಲ್ಲಿ ಓದುವುದರಿಂದ ಆಗಲಾರದು.

ಕಾಗದಪತ್ರಗಳ ಬಗ್ಗೆ ಒಂದು ಮಾತು. ಎರಡನೆಯ ತರಗತಿಗೂ ಮೇಲಿನ ತರಗತಿಗಳಿಗೂ ಅಲ್ಲಿ ವರ್ಗಾವಣೆ ಪತ್ರ ಕೇಳುತ್ತಾರೆ. ಇಲ್ಲಿಯ ಶಾಲೆಯವರು ಕೊಟ್ಟ ಪತ್ರಕ್ಕೆ ಶಿಕ್ಷಣ ಇಲಾಖೆಯ ಮೇಲುರುಜು, ಅದರ ಮೇಲೆ ಮುಂದಿನ ದೃಢೀಕರಣಗಳು ಬೇಕಾಗುತ್ತವೆ. ಇದೆಲ್ಲ ಇಲ್ಲಿದ್ದಾಗಲೇ ಆಗಬೇಕು. ಮಗುವಿನ ಹೆಸರು, ಜನ್ಮದಿನಾಂಕ ಜನನ ಪತ್ರದಲ್ಲಿಯೂ ಪಾಸ್‌ಪೋರ್ಟಿನಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಒಂದೇ ರೀತಿ ಇರಬೇಕು. ನಮ್ಮ ಮಗುವಿನ ತಂದೆಯ ಹೆಸರು ಒಂದು ಕಡೆ ಒಂದಕ್ಷರ ಬೇರೆಯಾಗಿದ್ದುದರಿಂದ ನಾನು ಮೂರು ಸಲ ಕಚೇರಿಗೆ ಅಲೆಯಬೇಕಾಯಿತು.

ಇಷ್ಟನ್ನೆಲ್ಲ ಬರೆದು ಅಕ್ಕನಿಗೂ ಭಾವನಿಗೂ ಫೋನಿನಲ್ಲಿ ಓದಿ ಹೇಳಿದೆ. ಸಾಧಾರಣ ಫೀಸಿನ, ಮನೆಗೆ ಹತ್ತಿರದ, ಒಳ್ಳೆಯ ವರದಿಯುಳ್ಳ ಭಾರತೀಯ ಶಾಲೆ ಸಾಕೆಂದು ನನ್ನ ಅಭಿಪ್ರಾಯ ತಿಳಿಸಿದೆ. ಅದರ ಜೊತೆಗೆ, “ಭಾವ, ನನ್ನ ಓದಿನ ಖರ್ಚು ನಿಮ್ಮ ಮೇಲಿದೆ, ಹಾಗಾಗಿ ನನ್ನ ಮಾತನ್ನು ತೂಗಿ ನೋಡಿ” ಎಂದೂ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಬಳಿಕ, “ಅದು ನನಗೆ ಗೊತ್ತಿಲ್ಲವೆ? ಗೊತ್ತಿದ್ದೇ ನಿನ್ನನ್ನು ಕೇಳಿದ್ದು” ಎಂದರು. ಏಪ್ರಿಲಿನಲ್ಲಿ ಮಗು ಅಂಥದೇ ಒಂದು ಶಾಲೆಗೆ ಸೇರಿದಳು. ಮೊದಲ ಎರಡು ತಿಂಗಳು ತರಗತ್ತಿಯಲ್ಲಿ ಮಾತೇ ಆಡಲಿಲ್ಲವಂತೆ. ಈಗ ಇಂಗ್ಲಿಷಿನಲ್ಲಿ ಜಗಳವಾಡುವಷ್ಟು ಕಲಿತಿದ್ದಾಳೆಂದು ಅಕ್ಕ ಹೇಳುತ್ತಾಳೆ. ಭಾನುವಾರ ಸಂಜೆ ಫೋನಿನಲ್ಲಿ ನಾನು ಅವಳಿಗೆ ಕನ್ನಡ ಓದಿಸುತ್ತೇನೆ. ಒತ್ತಕ್ಷರಕ್ಕೆ ಬಂದಿದ್ದೇವೆ. ನನ್ನ ನಿರ್ಣಯ ಸರಿಯಾಗಿತ್ತೇ ಎಂಬುದು ಹತ್ತು ವರ್ಷದ ಮೇಲೆ ಅವಳೇ ಹೇಳಬೇಕಾದ ಮಾತು.

ಕೊನೆಯದಾಗಿ, ವರ್ಗಾವಣೆ ಪತ್ರ ತರಲು ನನ್ನ ಹಳೆಯ ಶಾಲೆಗೆ ಹೋಗಿದ್ದಾಗ ಕಂಡದ್ದನ್ನು ಹೇಳಿ ಮುಗಿಸುತ್ತೇನೆ. ನಮ್ಮ ತೋಟಗಳಿಗೆ ಈಗ ಅಸ್ಸಾಮಿನಿಂದ ಕೆಲಸಗಾರರ ಕುಟುಂಬಗಳು ಬರುತ್ತಿವೆಯಷ್ಟೆ. ಅಂಥ ಒಂದು ಮನೆಯ ಹುಡುಗ, ಆರೇಳು ವರ್ಷದವನು, ನಮ್ಮ ಮಗು ಕೂರುತ್ತಿದ್ದ ಜಾಗದಲ್ಲಿ ಕುಳಿತು ಸ್ಲೇಟಿನ ಮೇಲೆ ‘ಈ’ ಬರೆಯುತ್ತಿದ್ದ. ಮೇಡಮ್ಮನವರು ಕನ್ನಡದಲ್ಲಿ ಹೇಳಿದ್ದು ಅವನಿಗೆ ಅರ್ಥವಾಗಿರಲಿಲ್ಲ. ಪಕ್ಕದವಳ ಸ್ಲೇಟು ನೋಡಿ ಬರೆಯುತ್ತಿದ್ದ. ಅವನಿಗೂ ಇದು ಪರದೇಶವೇ. ಅವನ ತಂದೆತಾಯಿಗಳಿಗೆ ಶಾಲೆಯನ್ನು ಆರಿಸುವ ಪ್ರಶ್ನೆಯೇ ಇಲ್ಲ. ವಿಚಾರಿಸಿ ಹೇಳಲು ಬಿ.ಎ. ಓದುವ ತಮ್ಮನೂ ಇಲ್ಲ. ತೋಟದ ಕೆಲಸ ಮುಗಿದರೆ ವರ್ಷದ ನಡುವೆಯೇ ಹೊರಟುಹೋಗಬೇಕಾಗಬಹುದು. ಅವನಿಗೆ ಹಿಂದಿರುಗುವ ದಾರಿಯನ್ನು ತೆರೆದಿಡುವವರು ಯಾರು?

ನಮ್ಮ ತರಗತಿಯಲ್ಲಿ ಹಲವರು ಬಿ.ಎಡ್. ಮಾಡಿ ಉಪಾಧ್ಯಾಯರಾಗಬೇಕೆಂದಿದ್ದಾರೆ, ನಾನೂ ಅವರಲ್ಲೊಬ್ಬ. ಪರದೇಶಕ್ಕೆ ಹೋದ ನಮ್ಮ ಮಗುವನ್ನು ಅಲ್ಲಿಯ ಶಾಲೆ ಹೇಗೆ ನೋಡಿಕೊಳ್ಳಬೇಕೆಂದು ನಾವು ಬಯಸುತ್ತೇವೆಯೋ, ನಮ್ಮ ಊರಿಗೆ ಬಂದ ಪರರ ಮಗುವನ್ನು ನಾವು ಹಾಗೆಯೇ ನೋಡಿಕೊಳ್ಳಬೇಕು. ಅವನು ಹೊರಡುವ ದಿನ ಅವನ ಕೈಯಲ್ಲಿ ಸರಿಯಾಗಿ ಬರೆದ ಒಂದು ವರ್ಗಾವಣೆ ಪತ್ರವಾದರೂ ಇರಲಿ. ಕಲಿತ ನಾಲ್ಕಕ್ಷರ ತಲೆಯಲ್ಲಿರಲಿ. ಅಷ್ಟಾದರೂ ಆದರೆ ನಮ್ಮ ಸರ್ಕಾರಿ ಶಾಲೆಯ ಬಾಗಿಲಿಗೆ ಫಲಕವಿಲ್ಲದೆಯೇ ‘ಇಂಟರ್‌ನ್ಯಾಷನಲ್’ ಎಂಬ ಹೆಸರು ಸಲ್ಲುತ್ತದೆ.